ಸೂಕ್ಷ್ಮ ಶಸ್ತ್ರಚಿಕಿತ್ಸೆಯಲ್ಲಿ ಕಾಲದ ಉಳಿತಾಯ

ಯಂತ್ರಕ್ಕೆ ಸಿಕ್ಕಿ ತುಂಡಾದ ಬೆರಳನ್ನು ಮರಳಿ ಜೋಡಿಸುವುದು ಇಂದು ಕಟ್ಟುಕತೆಯಲ್ಲ. 1960ರಲ್ಲಿ ಅಮೆರಿಕದ ಜೇಕಬ್‌ಸನ್ ಮತ್ತು ಸುವಾರೆಜ್ ಸೂಕ್ಷ್ಮದರ್ಶಕದ ನೆರವಿನಿಂದ ಕಿರಿಯ ರಕ್ತನಾಳಗಳನ್ನು ಹೊಲಿದರು. 1965ರಲ್ಲಿ ಜಪಾನಿನ ಕೊಮಾತ್ಸು ಮತ್ತು ತಮಾಯಿ ಪೂರ್ಣವಾಗಿ ಕಡಿದುಹೋದ ಹೆಬ್ಬೆರಳನ್ನು ಕೂಡಿಸಿದರು. ಆದರೆ ರಕ್ತ ಹರಿಯದ ಅಂಗವು ಬಹುಕಾಲ ಜೀವಿಸಲಾರದು. ಹಾಗೆಂದು ಕೈಯನ್ನು ಅವಸರಪಡಿಸುವಂತಿಲ್ಲ. ವ್ಯರ್ಥ ಚಲನೆಯನ್ನು ಕಳೆಯುವುದೇ ಇಲ್ಲಿ ವೇಗದ ಗುಟ್ಟು.

ಎಷ್ಟೇ ನುರಿತ ಕೈಯಾದರೂ ಸೆಕೆಂಡಿಗೆ ಸುಮಾರು 8ರಿಂದ 12 ಬಾರಿ ಕಂಪಿಸುತ್ತದೆ. ಹೊಲಿಯಬೇಕಾದ ನಾಳದ ವ್ಯಾಸವಾದರೋ ಸುಮಾರು 1 ಮಿಲಿಮೀಟರು. ದಾರವು ತಲೆಗೂದಲಿಗಿಂತ ತೆಳು. ಮುಂಗೈಯನ್ನೂ ಮಣಿಕಟ್ಟನ್ನೂ ಭದ್ರವಾಗಿ ಊರಿದರೆ ಕೈಯೆಂಬ ಸನ್ನೆಕೋಲು ಗಿಡ್ಡವಾಗಿ, ಉಪಕರಣದ ತುದಿಯ ಅಲುಗಾಟ ತಗ್ಗುತ್ತದೆ.

ವರ್ಧನೆ ಹೆಚ್ಚಿದಂತೆಲ್ಲ ಕಾಣುವ ಕ್ಷೇತ್ರವೂ ಸ್ಫುಟತೆಯ ಆಳವೂ ಕುಗ್ಗುತ್ತವೆ. ಆದುದರಿಂದ ನಾಳವನ್ನು ಬಿಡಿಸುವಾಗ ಕಡಮೆ ವರ್ಧನೆ ಸಾಕು. ಸೂಜಿ ಚುಚ್ಚುವಾಗ ಮಾತ್ರ ಹೆಚ್ಚಿನದು ಬೇಕು. ಕಾಲಿನ ಕೀಲಿಯಿಂದ ಸ್ಫುಟತೆಯನ್ನು ಸರಿಪಡಿಸಿಕೊಂಡರೆ ಕೈಗಳು ಕೆಲಸವನ್ನು ಬಿಡಬೇಕಿಲ್ಲ.

ಮೊದಲೆರಡು ಹೊಲಿಗೆಗಳನ್ನು ಎದುರುಬದುರಾಗಿ ಹಾಕದೆ 120 ಅಂಶಗಳ ಅಂತರದಲ್ಲಿ ಹಾಕಿ ಎಳೆದರೆ, ನಾಳದ ಹಿಂಬದಿಯ ಗೋಡೆ ತಾನಾಗಿಯೇ ಜೋತು ದೂರ ಸರಿಯುತ್ತದೆ. ಆಗ ಸೂಜಿಯು ಎರಡೂ ಗೋಡೆಗಳನ್ನು ಒಟ್ಟಿಗೆ ಕಚ್ಚುವ ಭಯ ಕಡಮೆ. ಬಿಚ್ಚಿ ಮರಳಿ ಹೊಲಿಯುವ ಶ್ರಮವೂ ಉಳಿಯುತ್ತದೆ. ಒಂದು ತಂಡ ರೋಗಿಯನ್ನು ಸಿದ್ಧಪಡಿಸುವಾಗಲೇ ಇನ್ನೊಂದು ತಂಡ ತುಂಡಾದ ಬೆರಳಿನ ನಾಳಗಳನ್ನು ಗುರುತಿಸಿಟ್ಟರೆ ಮತ್ತಷ್ಟು ಕಾಲ ಮಿಗುತ್ತದೆ.

ಈ ಉಳಿತಾಯದಲ್ಲಿ ವಾಚಕರಿಗೂ ಪಾಲುಂಟು. ಬೆರಳು ಸಾಮಾನ್ಯ ಉಷ್ಣತೆಯಲ್ಲಿ ಸುಮಾರು 12 ಗಂಟೆ, ತಂಪಿನಲ್ಲಿ ಸುಮಾರು 24 ಗಂಟೆ ತಾಳಬಲ್ಲುದು. ಅದನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ನುಗ್ಗದ ಚೀಲದಲ್ಲಿರಿಸಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಡಬೇಕು. ಮಂಜುಗಡ್ಡೆ ಬೆರಳಿಗೆ ನೇರವಾಗಿ ತಗಲಕೂಡದು.