ಫಸಲು ನೋಡಿ ರಸೀದಿ ಪುಸ್ತಕ ತೆಗೆಯಿರಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಟ್ರಸ್ಟ್ ನಡೆಸುವ ಗೆಳೆಯರೇ, ಬರುವ ವರ್ಷದ ದೇಣಿಗೆ ಸಂಗ್ರಹಕ್ಕೆ ಈಗಲೇ ತಿಂಗಳವಾರು ಪಟ್ಟಿ ಹಾಕಿಕೊಳ್ಳಿ. ಜೂನ್‌–ಜುಲೈನಲ್ಲಿ ರೈತರ ಕೈಲಿದ್ದ ಕಾಸೆಲ್ಲ ಕಡಲೆಕಾಯಿ ಬಿತ್ತನೆಗೆ ಹೋಗಿರುತ್ತದೆ. ಆಗ ಬಾಗಿಲು ತಟ್ಟಬೇಡಿ. ಕಾಯಿ ಬಿಡಿಸಿ ಮಾರಿದ ಮೇಲೆ, ನವೆಂಬರ್‌–ಡಿಸೆಂಬರ್‌ನಲ್ಲಿ ಹೋಗಿ. ಯಾರಾದರೂ ಅರ್ಧ ಮೂಟೆ ಕಾಯಿಯನ್ನೇ ಕೊಟ್ಟರೂ ತೂಕ ಬರೆದು ರಸೀದಿ ಹರಿದುಕೊಡಿ. ಹುಣಸೆ ಬೆಳೆಗಾರರನ್ನು ಹಣ್ಣು ಮಾರಾಟವಾದ ಮೇಲೆ ಕೇಳಿ. ಬೆಂಗಳೂರು ಸೇರಿದ ಊರಿನ ಮಕ್ಕಳು ಯುಗಾದಿಗೆ, ಜಾತ್ರೆಗೆ ಬಂದಾಗ ಲೆಕ್ಕಪತ್ರ ಮುಂದಿಡಿ. ತೆರಿಗೆ ವಿನಾಯಿತಿ ಬಯಸುವ ದಾನಿಗಳಿಗೆ ಮಾರ್ಚ್ 31ರೊಳಗೆ ಕೊಡಲು ಜನವರಿಯಲ್ಲೇ ನೆನಪಿಸಿ. 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ, ಚೆಕ್ ಅಥವಾ ಯುಪಿಐನಲ್ಲೇ ಪಡೆಯಿರಿ. ನಮ್ಮದು ಮಳೆ ಕೈಕೊಡುವ ಸೀಮೆ. ಒಳ್ಳೆಯ ವರ್ಷದ ಹಣದಲ್ಲಿ ಒಂದಿಷ್ಟನ್ನು ಬರಗಾಲಕ್ಕೆಂದು ಬ್ಯಾಂಕಿನಲ್ಲಿಡಿ. ಕೊಟ್ಟವರಿಗೆ, ಅವರ ಹಣ ಯಾವ ಕೆಲಸಕ್ಕೆ ಬಂತೆಂದು ತಪ್ಪದೆ ತಿಳಿಸಿ.