ಶಂಭುನಾಥ ದೇ ಮತ್ತು ಉಲ್ಲೇಖಗಳ ಲೆಕ್ಕ

ವಿದ್ವಾಂಸನೊಬ್ಬನ ಕೃತಿಯ ಬೆಲೆಯನ್ನು ಅಳೆಯುವುದು ಹೇಗೆ? ಬಟ್ಟೆಗೆ ಗಜವುಂಟು, ಭತ್ತಕ್ಕೆ ಕೊಳಗವುಂಟು. ವಿದ್ಯೆಗೆ ಅಂಥ ಅಳತೆ ಉಂಟೆ? ಉಂಟೆಂದು ಹೇಳುವವರು ಈಗ ಬಹಳ ಮಂದಿ ಇದ್ದಾರೆ. ಸಂಶೋಧಕನು ಹೊಸ ಪ್ರಬಂಧವನ್ನು ಬರೆಯುವಾಗ ತನಗೆ ಆಧಾರವಾದ ಹಿಂದಿನವರ ಪ್ರಬಂಧಗಳನ್ನು ಕೊನೆಯಲ್ಲಿ ಹೆಸರಿಸುವನು. ಇದಕ್ಕೇ ಉಲ್ಲೇಖವೆಂದು ಹೆಸರು. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಎಂಬವರು ಇಂಥ ಉಲ್ಲೇಖಗಳನ್ನು ಕ್ರೋಡೀಕರಿಸಿ 1964ರಲ್ಲಿ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಎಂಬ ಸೂಚಿಯನ್ನು ಪ್ರಕಟಿಸಿದರು. ಯಾರ ಪ್ರಬಂಧವನ್ನು ಯಾರು, ಎಷ್ಟು ಸಲ ಹೆಸರಿಸಿದ್ದಾರೆಂಬುದು ಅದರಿಂದ ತಿಳಿಯುವಂತಾಯಿತು. ಈ ಅಳತೆಯ ಗುಣದೋಷಗಳನ್ನು ಅರಿಯಲು ಕಲ್ಕತ್ತೆಯ ಒಬ್ಬ ವೈದ್ಯವಿಜ್ಞಾನಿಯ ಚರಿತ್ರೆಯನ್ನು ನೋಡೋಣ.

ಶಂಭುನಾಥ ದೇ ಅವರು 1915ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯ ಗ್ರಾಮವೊಂದರಲ್ಲಿ ಜನಿಸಿದರು. ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಓದಿ, 1949ರಲ್ಲಿ ಲಂಡನ್ನಿನ ಡಾಕ್ಟರೇಟ್ ಪದವಿಯನ್ನು ಪಡೆದು ಸ್ವದೇಶಕ್ಕೆ ಮರಳಿದರು. ಅವರು ಆರಿಸಿಕೊಂಡ ವಿಷಯ ಕಾಲರಾ.

ಜರ್ಮನಿಯ ರಾಬರ್ಟ್ ಕಾಖ್ 1884ರಲ್ಲಿ ಕಲ್ಕತ್ತೆಯಲ್ಲಿಯೇ ಈ ರೋಗದ ಅಣುಜೀವಿಯನ್ನು ಬೇರ್ಪಡಿಸಿ ತೋರಿಸಿದ್ದರು. ಆದರೆ ಅದು ಕರುಳಿನಲ್ಲಿ ಏನು ಮಾಡುತ್ತದೆ, ಕೆಲವೇ ಗಂಟೆಗಳಲ್ಲಿ ದೇಹದ ನೀರು ಬಸಿದುಹೋಗುವುದು ಹೇಗೆ ಎಂಬುದು ಅಲ್ಲಿಂದ ಸುಮಾರು ಎಪ್ಪತ್ತು ವರ್ಷ ಕಳೆದರೂ ಸ್ಪಷ್ಟವಾಗಿರಲಿಲ್ಲ. ವಿಷವು ಅಣುಜೀವಿಯ ಶರೀರದೊಳಗೇ ಇದ್ದು, ಅದು ಸತ್ತಾಗ ಮಾತ್ರ ಹೊರಬೀಳುವುದೆಂದು ಅನೇಕರು ನಂಬಿದ್ದರು.

ದೇ ಅವರು ಮೊಲದ ಸಣ್ಣಕರುಳಿನ ಒಂದು ತುಂಡನ್ನು ಎರಡು ಕಡೆ ದಾರದಿಂದ ಬಿಗಿದು, ನಡುವಣ ಭಾಗಕ್ಕೆ ಕಾಲರಾ ಅಣುಜೀವಿಗಳನ್ನು ಸೂಜಿಯಿಂದ ಸೇರಿಸಿದರು. ಮರುದಿನ ನೋಡುವಾಗ ಆ ಭಾಗ ನೀರು ತುಂಬಿ ಉಬ್ಬಿತ್ತು. ಈ ಪ್ರಯೋಗವನ್ನು ಅವರು ಸಹೋದ್ಯೋಗಿಯೊಬ್ಬರೊಡನೆ 1953ರಲ್ಲಿ ಪ್ರಕಟಿಸಿದರು. ಮುಂದೆ ಅಣುಜೀವಿಗಳನ್ನೆಲ್ಲ ಸೋಸಿ ತೆಗೆದು, ಅವು ಬೆಳೆದಿದ್ದ ದ್ರವವನ್ನು ಮಾತ್ರ ಸೇರಿಸಿ ನೋಡಿದರು. ಆಗಲೂ ಕರುಳು ಉಬ್ಬಿತು! ಅಣುಜೀವಿಯೇ ಇಲ್ಲದೆಡೆಯಲ್ಲಿ ರೋಗದ ಲಕ್ಷಣ ಕಂಡಿತೆಂದರೆ, ಅದು ವಿಷವನ್ನು ಹೊರಕ್ಕೆ ಸ್ರವಿಸುತ್ತದೆಂದೇ ಅರ್ಥವಲ್ಲವೆ? 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾದ ಈ ಪುಟ್ಟ ಪ್ರಬಂಧವು ಕಾಲರಾ ಸಂಶೋಧನೆಯ ದಿಕ್ಕನ್ನೇ ಬದಲಿಸಿತು. 1969ರಲ್ಲಿ ಅಮೆರಿಕದ ಸಂಶೋಧಕರು ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಮೊಲದ ಕರುಳಿನ ಪ್ರಯೋಗವು ಇತರ ಅತಿಸಾರ ರೋಗಗಳ ಅಧ್ಯಯನಕ್ಕೂ ಸಾಧನವಾಯಿತು.

ಇಷ್ಟಾದರೂ ಆ ಪ್ರಬಂಧದ ಮಹತ್ವ ಕೂಡಲೆ ಜನರ ಅರಿವಿಗೆ ಬರಲಿಲ್ಲ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯಂತೆ, ಸ್ವದೇಶದಲ್ಲಿಯೂ ದೇ ಅವರಿಗೆ ತಕ್ಕ ಮನ್ನಣೆ ದೊರೆಯಲಿಲ್ಲ. 1978ರಲ್ಲಿ ನೊಬೆಲ್ ಪ್ರತಿಷ್ಠಾನವು ಕಾಲರಾ ಕುರಿತ ವಿಚಾರಗೋಷ್ಠಿಗೆ ಅವರನ್ನು ಆಹ್ವಾನಿಸಿತು. 1985ರಲ್ಲಿ ಅವರು ತೀರಿಕೊಂಡರು. ಮರುವರ್ಷವೇ ಗಾರ್ಫೀಲ್ಡರು ಉಲ್ಲೇಖಗಳ ಆಧಾರದಿಂದ ಕಾಲರಾ ಸಂಶೋಧನೆಯ ನಕ್ಷೆಯನ್ನು ರಚಿಸಿ, ಅದರಲ್ಲಿ ದೇ ಅವರ ಪ್ರಭಾವವನ್ನು ವಿವರಿಸಿ ಲೇಖನ ಬರೆದರು. 1990ರಲ್ಲಿ ನಮ್ಮ ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯು ಅವರ ಕಾರ್ಯಕ್ಕೆ ಒಂದು ವಿಶೇಷ ಸಂಚಿಕೆಯನ್ನು ಮೀಸಲಿಟ್ಟಿತು.

ಈ ಚರಿತ್ರೆಯಿಂದ ನಾವು ಎರಡು ಪಾಠಗಳನ್ನು ಕಲಿಯಬಹುದು. ಮೊದಲನೆಯದಾಗಿ, ಉಲ್ಲೇಖಗಳ ಲೆಕ್ಕ ವ್ಯರ್ಥವಲ್ಲ. ಸಭೆಗಳೂ ಬಿರುದುಗಳೂ ಮರೆತವನ ಹೆಸರನ್ನು ಆ ಲೆಕ್ಕದ ಪುಸ್ತಕ ಮರೆಯಲಿಲ್ಲ. ಎರಡನೆಯದಾಗಿ, ಆ ಲೆಕ್ಕಕ್ಕೆ ಕಾಲಾವಕಾಶ ಬೇಕು. ಅದೊಂದನ್ನೇ ನಂಬಿದರೆ ಮೋಸಹೋದೇವು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ‘ಎಚ್-ಸೂಚ್ಯಂಕ’ವೆಂಬ ಅಳತೆಯನ್ನು ಸೂಚಿಸಿದರು. ಒಬ್ಬನ ಹತ್ತು ಪ್ರಬಂಧಗಳು ತಲಾ ಹತ್ತು ಸಲವಾದರೂ ಉಲ್ಲೇಖಗೊಂಡಿದ್ದು, ಹನ್ನೊಂದಕ್ಕೆ ಆ ಲೆಕ್ಕ ಕೂಡದಿದ್ದರೆ, ಅವನ ಸೂಚ್ಯಂಕ ಹತ್ತು. ಈ ಲೆಕ್ಕದಲ್ಲಿ ನಾಲ್ಕೇ ಪ್ರಬಂಧ ಬರೆದವನಿಗೆ, ಅವು ಎಷ್ಟೇ ಶ್ರೇಷ್ಠವಾಗಿದ್ದರೂ, ನಾಲ್ಕಕ್ಕಿಂತ ಹೆಚ್ಚು ಅಂಕ ಬರಲಾರದು. ಇದನ್ನೇ ಗುರಿಯಾಗಿಟ್ಟುಕೊಂಡವರು ಸಂತೆಯ ಹೊತ್ತಿಗೆ ಮೂರು ಮೊಳ ನೇಯುವವರಾಗುವ ಭಯವುಂಟು.

ಪರೀಕ್ಷೆಯ ಅಂಕಗಳನ್ನೇ ವಿದ್ಯೆಯೆಂದು ಭ್ರಮಿಸುವ ನಾವು ವಿದ್ಯಾರ್ಥಿಗಳೂ ಇದನ್ನು ನೆನಪಿಡಬೇಕು. ದೇ ಅವರು ಎಷ್ಟು ಮಂದಿ ತಮ್ಮನ್ನು ಹೆಸರಿಸುವರೆಂದು ಎಣಿಸುತ್ತ ಕೂರಲಿಲ್ಲ. ಒಂದು ಪ್ರಶ್ನೆಯನ್ನು ಹಿಡಿದು, ಉತ್ತರ ದೊರೆಯುವವರೆಗೆ ಬಿಡಲಿಲ್ಲ. ಅಂಕ ಬಂದರೆ ಸಂತೋಷವೇ ಸರಿ; ಪ್ರಶ್ನೆಯ ಮೇಲಿನ ಶ್ರದ್ಧೆ ಮೊದಲು ಬರಲಿ.