ಹುಲಗೂರ ಸಂತೆಯ ಮುದುಕಿ

ಶಿಶುನಾಳ ಶರೀಫರ (1819–1889) ಪದಗಳಲ್ಲಿ ‘ಬಿದ್ದೀಯಬ್ಬೇ ಮುದುಕಿ’ ಜನರ ನಾಲಗೆಯ ಮೇಲೆ ವಿಶೇಷವಾಗಿ ನೆಲೆನಿಂತಿರುವ ಪದ. ಹುಲಗೂರಿನ ಸಂತೆಯ ಗದ್ದಲದಲ್ಲಿ ನಿಂತ ಮುದುಕಿಯೊಬ್ಬಳಿಗೆ ಜೋಪಾನ ಹೇಳುವ ಹಾಡಿದು. ಸಂತೆಯೆಂದರೆ ಸಂಸಾರ, ಬೀಳುವುದೆಂದರೆ ಜೀವವು ದಾರಿ ತಪ್ಪುವುದು ಎಂದು ಬಲ್ಲವರು ಅರ್ಥ ಹೇಳುತ್ತಾರೆ. ಅದು ಸರಿಯೇ. ಆದರೆ ವಾಚ್ಯಾರ್ಥವೂ ಅಲ್ಪವಾದುದಲ್ಲ. 65 ವರ್ಷ ದಾಟಿದವರಲ್ಲಿ ಸುಮಾರು ಮೂವರಲ್ಲೊಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಹಾಡಿನ ಧಾಟಿಯಲ್ಲಿ ಗದರಿಕೆಯಿದೆ. ಅದರೊಳಗೆ ಅಕ್ಕರೆಯ ನಗೆಯೂ ಇದೆ. ಮುದುಕಿಯೇ ಕೇಳಿದರೂ ನಕ್ಕಾಳು. ನಮ್ಮ ಮನೆಗಳಲ್ಲಿ ಎಚ್ಚರಿಕೆಯ ಮಾತು ಹೀಗೆ ಬರುವುದಿಲ್ಲ. “ಸುಮ್ಮನೆ ಒಂದು ಕಡೆ ಕೂಡಬಾರದೇ?” ಎಂದು ಮಕ್ಕಳು ಸಿಡುಕುತ್ತಾರೆ, ಹಿರಿಯರ ಅಭಿಮಾನ ಕೆರಳುತ್ತದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬಂತೆ, ಸ್ನಾನದ ಮನೆಯಲ್ಲಿ ಜಾರಿದ ಸಂಗತಿ ಅಲ್ಲಿಯೇ ಮುಚ್ಚಿಹೋಗುತ್ತದೆ. ಮುಚ್ಚಿಟ್ಟ ಈ ಮೊದಲ ಬೀಳುವಿಕೆಯೇ ಅಪಾಯದ ಮುನ್ಸೂಚನೆ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು.

ಮುಲುಂಡಿನ ಹಿರಿಯರಿಗೆ ಹುಲಗೂರ ಸಂತೆ ದೂರದ್ದಲ್ಲ. ಪೂರ್ವ-ಪಶ್ಚಿಮಗಳ ನಡುವೆ ರೈಲುಹಳಿ ಹಾದುಹೋಗಿದೆ; ಸಂಜೆಯ ಹೊತ್ತು ತರಕಾರಿಯ ಚೀಲ ಹಿಡಿದು ನಿಲ್ದಾಣದ ಸೇತುವೆಯ ಮೆಟ್ಟಿಲಿಳಿಯುವುದೆಂದರೆ ಸಂತೆಯಲ್ಲಿ ನಿಂತಂತೆಯೇ. ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಆದರೂ ಮನೆಯೊಳಗಿನ ಅಪಾಯವನ್ನು ಕಡೆಗಣಿಸಲಾಗದು: ನಡುರಾತ್ರಿ ಹಾಸಿಗೆಯಿಂದ ಶೌಚಾಲಯದವರೆಗಿನ ಹತ್ತು ಹೆಜ್ಜೆ, ನುಣುಪು ಟೈಲ್ಸ್, ಸವೆದ ಚಪ್ಪಲಿ, ಕಾಲಿಗೆ ತೊಡರುವ ಸೀರೆಯ ನಿರಿಗೆ.

ಬೀಳಲು ಕಾರಣ ಒಂದೇ ಇರುವುದಿಲ್ಲ. ಕಣ್ಣಿನ ಪೊರೆ, ಒಳಗಿವಿಯ ದೋಷ, ತೊಡೆಯ ಸ್ನಾಯುಗಳ ಸೊರಗುವಿಕೆ, ಇವೆಲ್ಲ ಕೂಡಿಕೊಳ್ಳುತ್ತವೆ. ಮಲಗಿದವರು ಥಟ್ಟನೆ ಎದ್ದಾಗ ರಕ್ತದೊತ್ತಡ ಇಳಿದು ತಲೆ ಸುತ್ತುವುದುಂಟು. ನಿಂತ 3 ನಿಮಿಷಗಳೊಳಗೆ ಮೇಲಿನ ಒತ್ತಡ 20 ಅಥವಾ ಕೆಳಗಿನದು 10 ಅಂಕ ಇಳಿದರೆ ವೈದ್ಯರು ಅದನ್ನು ದೋಷವೆಂದು ಗಣಿಸುತ್ತಾರೆ. ನಿದ್ರೆಯ ಗುಳಿಗೆಯೂ ರಕ್ತದೊತ್ತಡದ ಗುಳಿಗೆಯೂ ಇದಕ್ಕೆ ಕಾರಣವಾಗಬಹುದು; ಆದರೆ ಅವನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತೋರಿಸತಕ್ಕದ್ದು. ಮುಟ್ಟು ನಿಂತ ಮೇಲೆ ಸ್ತ್ರೀಯರ ಮೂಳೆ ಬೇಗನೆ ಸವೆಯುವುದರಿಂದ ಅವರಿಗೆ ಸಣ್ಣ ಪೆಟ್ಟೂ ದೊಡ್ಡದೇ.

ಬಿದ್ದವರಿಗೆ ಸೊಂಟದ ಬಳಿ ನೋವಿದ್ದು ಕಾಲೂರಲು ಆಗದಿದ್ದರೆ, ಎಣ್ಣೆ ತಿಕ್ಕುವುದೂ ಎಬ್ಬಿಸಿ ನಡೆಸುವುದೂ ಸಲ್ಲದು, ಎಕ್ಸ್-ರೇ ಆಗಲೇಬೇಕು. ಅಲ್ಲಿ ಮೂಳೆ ಮುರಿದಿದ್ದರೆ ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಆಗುವುದು ಲೇಸು. ಹಾಸಿಗೆ ಹಿಡಿದಷ್ಟೂ ನ್ಯುಮೋನಿಯಾ, ಬೆನ್ನುಹುಣ್ಣು, ರಕ್ತ ಹೆಪ್ಪುಗಟ್ಟುವಿಕೆಗಳು ಜೀವಕ್ಕೇ ಎರವಾಗುತ್ತವೆ.

ಹಾಗೆಂದು ಹೆದರಿ ಮೂಲೆ ಹಿಡಿಯುವುದು ಇನ್ನೂ ಕೆಟ್ಟದ್ದು. ಕುಳಿತಷ್ಟೂ ಕಾಲು ಸೊರಗುತ್ತದೆ, ಸೊರಗಿದ ಕಾಲು ಮತ್ತೆ ಬೀಳಿಸುತ್ತದೆ. ಕುರ್ಚಿಯ ಬೆನ್ನು ಹಿಡಿದು ತುದಿಗಾಲಲ್ಲಿ ನಿಲ್ಲುವುದು, ನಿಧಾನವಾಗಿ ಎದ್ದು ಕೂಡುವುದು, ಇಂಥ ನಿತ್ಯದ ಅಭ್ಯಾಸ ಕಾಲಿಗೆ ಬಲ ತರುತ್ತದೆ. ಸ್ನಾನದ ಮನೆಯ ಗೋಡೆಗೊಂದು ಹಿಡಿಕೆ, ರಾತ್ರಿಗೊಂದು ಚಿಕ್ಕ ದೀಪ ಇರಲಿ. ಕೈಗೋಲು ಹಿಡಿಯಲು ನಾಚುವವರು ನಮ್ಮ ಊರಗೌಡರನ್ನು ನೆನೆಯಬೇಕು. ಅವರ ಕೈಯಲ್ಲಿ ಬೆತ್ತವು ದರ್ಪದ ಗುರುತಾಗಿತ್ತು!

ಸರಳವಾದ ಪರೀಕ್ಷೆಯೊಂದುಂಟು. ಕುರ್ಚಿಯಿಂದೆದ್ದು 3 ಮೀಟರು ನಡೆದು, ತಿರುಗಿ ಬಂದು ಕುಳಿತುಕೊಳ್ಳಬೇಕು. ಮೊಮ್ಮಗನ ಕೈಯಲ್ಲಿ ಗಡಿಯಾರವಿರಲಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ವೈದ್ಯರನ್ನು ಕಾಣತಕ್ಕದ್ದು. ಗಡಿಯಾರವೇ ಓಡುತ್ತಿದೆಯೆಂದು ಅಜ್ಜಿ ವಾದಿಸಿಯಾರು. ಇನ್ನೊಮ್ಮೆ ನಡೆಸಿ ನೋಡಬಹುದು.